ಡೀಮನ್ ಥ್ರೆಡ್: ವಿಂಡೋ ಮುಚ್ಚಿದರೂ ಪ್ರೋಗ್ರಾಮ್ ಯಾಕೆ ನಿಲ್ಲಲ್ಲ?

ಪೈಥಾನ್ ಪ್ರೋಗ್ರಾಮನ್ನು ಪೈಇನ್‌ಸ್ಟಾಲರ್ ಅನ್ನುವ ಸಾಧನದಿಂದ ಎಕ್ಸ್‌ಇ (ವಿಂಡೋಸ್‌ನಲ್ಲಿ ನೇರವಾಗಿ ಓಡುವ ಫೈಲ್) ಮಾಡಿ ಹಂಚುವವರಿಗೆ ಈ ತಾಪತ್ರಯ ಗೊತ್ತಿರುತ್ತದೆ. ವಿಂಡೋ ಮುಚ್ಚಿದ್ದಾಯಿತು, ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೋಗ್ರಾಮ್ ಇನ್ನೂ ಅಲ್ಲೇ ಕೂತಿದೆ.

ಥ್ರೆಡ್ ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಉಳಿದದ್ದರ ಜೊತೆಜೊತೆಗೇ ಓಡುವ ಒಂದು ಕೆಲಸ. ಪೈಥಾನ್‌ನಲ್ಲಿ ಅದು ಎರಡು ಬಗೆ. ಮಾಮೂಲಿ ಥ್ರೆಡ್ ಮುಗಿಯುವ ತನಕ ಪೈಥಾನ್ ಕಾಯುತ್ತದೆ, ಮುಖ್ಯ ಥ್ರೆಡ್‌ನ ಕೆಲಸ ಮುಗಿದಿದ್ದರೂ ಸರಿ. ಶುರು ಮಾಡುವ ಮುಂಚೆ 'ಡೀಮನ್' ಅನ್ನು ಟ್ರೂ ಮಾಡಿದರೆ ಅದು ಡೀಮನ್ ಥ್ರೆಡ್. ಅದಕ್ಕಾಗಿ ಯಾರೂ ಕಾಯುವುದಿಲ್ಲ, ಪ್ರೋಗ್ರಾಮ್ ಮುಗಿದಾಗ ಅದೂ ಅಲ್ಲೇ ತುಂಡಾಗುತ್ತದೆ.

ಮುಂಬೈ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ಪ್ರೋಗ್ರಾಮ್ ಅಂದುಕೊಳ್ಳಿ. ಗಲ್ಲಾದ ಕಂಪ್ಯೂಟರಲ್ಲಿ ವಿಂಡೋ ಕಾಣುತ್ತಿರುತ್ತದೆ. ಹಿಂದೆ ಒಂದು ಥ್ರೆಡ್ ಆಗಾಗ ಬಿಲ್ಲುಗಳನ್ನು ಬ್ಯಾಕಪ್ ಫೈಲಿಗೆ ಬರೆಯುತ್ತದೆ: 'ವೈಲ್ ಟ್ರೂ' ಲೂಪ್, ಒಳಗೊಂದು 'ಸ್ಲೀಪ್'. ರಾತ್ರಿ ವಿಂಡೋ ಮುಚ್ಚುತ್ತಾರೆ. ಲೂಪ್‌ಗೆ ಕೊನೆಯಿಲ್ಲ, ಪ್ರೋಗ್ರಾಮಿಗೂ ಇಲ್ಲ. ಟರ್ಮಿನಲ್‌ನಲ್ಲಿ ಓಡಿಸಿದ್ದರೆ ಪ್ರಾಂಪ್ಟ್ ವಾಪಸ್ ಬಾರದ್ದು ಕಣ್ಣಿಗೆ ಬೀಳುತ್ತಿತ್ತು. ಕನ್ಸೋಲ್ (ಅಕ್ಷರಗಳು ಮೂಡುವ ಟರ್ಮಿನಲ್ ವಿಂಡೋ) ಇಲ್ಲದ ಎಕ್ಸ್‌ಇಯಲ್ಲಿ ಏನೂ ಗೊತ್ತಾಗಲ್ಲ. ಮರುದಿನ ಹೊಸ ಎಕ್ಸ್‌ಇ ಹಾಕಲು ಹೋದರೆ ಫೈಲ್ ಬಳಕೆಯಲ್ಲಿದೆ ಅಂತ ವಿಂಡೋಸ್ ತಕರಾರು ತೆಗೆಯುತ್ತದೆ. ಟಾಸ್ಕ್ ಮ್ಯಾನೇಜರ್‌ನಿಂದ ಬಲವಂತವಾಗಿ ನಿಲ್ಲಿಸಿದರೆ ಇನ್ನೊಂದು ಕಿರಿಕಿರಿ. ಎಲ್ಲವನ್ನೂ ಒಂದೇ ಫೈಲಲ್ಲಿ ಕಟ್ಟಿದ 'ಒನ್‌ಫೈಲ್' ಎಕ್ಸ್‌ಇ ಓಡುವಾಗ ತನ್ನ ಸಾಮಾನನ್ನೆಲ್ಲ ಟೆಂಪ್‌ನಲ್ಲಿ ಒಂದು ಫೋಲ್ಡರಿಗೆ ಬಿಚ್ಚಿಟ್ಟಿರುತ್ತದೆ, ಅದು ಅಳಿಯದೆ ಉಳಿಯಬಹುದು.

'ಡೀಮನ್ ಟ್ರೂ ಮಾಡಿ, ಸರಿಹೋಗುತ್ತದೆ' ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಪ್ರೋಗ್ರಾಮ್ ನಿಲ್ಲುವುದೇನೋ ನಿಜ. ಆದರೆ ಬಿಲ್ಲು ಬರೆಯುವ ಮಧ್ಯದಲ್ಲೇ ಥ್ರೆಡ್ ತುಂಡಾದರೆ? ಬ್ಯಾಕಪ್‌ನ ಕೊನೆಯ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಡೀಮನ್ ಥ್ರೆಡ್ ತೆರೆದ ಫೈಲು, ಡೇಟಾಬೇಸ್ ವ್ಯವಹಾರಗಳು ಸರಿಯಾಗಿ ಮುಚ್ಚದೇ ಹೋಗಬಹುದು ಅಂತ ಪೈಥಾನ್ ದಾಖಲೆಯೇ ಎಚ್ಚರಿಸುತ್ತದೆ. ನನ್ನ ಪ್ರಕಾರ, ತುಂಡಾದರೂ ನಷ್ಟವಿಲ್ಲದ ಕೆಲಸಕ್ಕೆ ಮಾತ್ರ ಡೀಮನ್. ಗಡಿಯಾರ ತೋರಿಸೋದು, ಅಂಥವು.

ಉಳಿದದ್ದಕ್ಕೆ 'ಇವೆಂಟ್' ಇದೆ: ಥ್ರೆಡ್‌ಗಳಿಗೆ ಸೂಚನೆ ಕೊಡುವ ಬಾವುಟ. ಇಲ್ಲಿ ಅದನ್ನು ಸೆಟ್ ಮಾಡಿದರೆ 'ನಿಲ್ಲು' ಅಂತ ಅರ್ಥ. ಲೂಪ್ 'ವೈಲ್ ಟ್ರೂ' ಬದಲು ಇವೆಂಟ್ ಸೆಟ್ ಆಗುವ ತನಕ ಮಾತ್ರ ತಿರುಗಲಿ. 'ಸ್ಲೀಪ್' ಬದಲು ಇವೆಂಟ್‌ನ 'ವೇಟ್' ಇಡಿ. ಸ್ಲೀಪ್ ಹೇಳಿದಷ್ಟು ಹೊತ್ತು ಮಲಗಿಯೇ ತೀರುತ್ತದೆ. ವೇಟ್ ಹಾಗಲ್ಲ, ಇವೆಂಟ್ ಸೆಟ್ ಆದ ಕೂಡಲೇ ಏಳುತ್ತದೆ.

ಆ ಸೆಟ್ ಮಾಡುವ ಸಾಲು ಎಲ್ಲಿರಬೇಕು ಅನ್ನುವಲ್ಲಿ ಜಾಸ್ತಿ ಜನ ಎಡವುತ್ತಾರೆ. ಕೊನೆಯಲ್ಲಿ ಓಡುವುದಲ್ವಾ ಅಂತ 'ಅಟ್‌ಎಕ್ಸಿಟ್'ನಲ್ಲಿ ಇಡುತ್ತಾರೆ. ಆದರೆ ಪೈಥಾನ್ ಮೊದಲು ಮಾಮೂಲಿ ಥ್ರೆಡ್‌ಗಳೆಲ್ಲ ಮುಗಿಯಲಿ ಅಂತ ಕಾಯುತ್ತದೆ, ಅಟ್‌ಎಕ್ಸಿಟ್ ಸರದಿ ಆಮೇಲೆ. ಥ್ರೆಡ್ ಕಾಯುತ್ತಿರುವುದು ಇವೆಂಟ್‌ಗೆ. ಇವೆಂಟ್ ಸೆಟ್ ಆಗಬೇಕಾದರೆ ಥ್ರೆಡ್ ಮುಗಿಯಬೇಕು. ಇಬ್ಬರೂ ಬೆಳಗಿನ ತನಕ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ಆದ್ದರಿಂದ ವಿಂಡೋ ಮುಚ್ಚುವಾಗ ಓಡುವ ಹ್ಯಾಂಡ್ಲರ್‌ನಲ್ಲೋ ವಿಂಡೋವನ್ನು ನಡೆಸುವ ಮೇನ್‌ಲೂಪ್ ಮುಗಿದ ಮರುಸಾಲಲ್ಲೋ ಸೆಟ್ ಮಾಡಿ, ಆಮೇಲೆ ಥ್ರೆಡ್ ಮುಗಿಯುವ ತನಕ ಕಾಯುವ 'ಜಾಯಿನ್' ಕರೆಯಿರಿ.

ಜಾಯಿನ್‌ಗೆ ಕೆಲವು ಸೆಕೆಂಡುಗಳ ಮಿತಿ ಕೊಡುವುದು ಒಳ್ಳೆಯದು. ಮಿತಿ ಮೀರಿದರೆ ಅದು ಎರರ್ ಕೊಡುವುದಿಲ್ಲ, ಸುಮ್ನೆ ವಾಪಸ್ ಬರುತ್ತದೆ. ಥ್ರೆಡ್ ನಿಂತಿತಾ ಅಂತ 'ಈಸ್ ಅಲೈವ್'ನಿಂದ ನಾವೇ ಕೇಳಬೇಕು. ಇನ್ನೂ ಓಡುತ್ತಿದ್ದರೆ ಲಾಗ್ ಫೈಲಿಗೆ ಬರೆದಿಡಿ. ಕನ್ಸೋಲ್ ಇಲ್ಲದ ಎಕ್ಸ್‌ಇಯಲ್ಲಿ ಪ್ರಿಂಟ್ ಮಾಡಿದ್ದು ಯಾರಿಗೂ ಕಾಣಲ್ಲ.