ಪಟದ ಬೆನ್ನ ಹಿಂದೆ

ತುಮಕೂರಿನಲ್ಲಿ ನನ್ನ ಗೆಳೆಯನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಹೊಸ ಪಟಕ್ಕೆ ಕಟ್ಟು ಹಾಕುವುದಕ್ಕಿಂತ ಹಳೇ ಪಟ ಬಿಚ್ಚುವುದನ್ನು ನೋಡಲು ನನಗೆ ಜಾಸ್ತಿ ಇಷ್ಟ.

ಮೊನ್ನೆ ಒಂದು ಲಕ್ಷ್ಮಿ ಪಟ ಬಂತು. ಕೆಂಪು ಸೀರೆ ಮಂಕು ನೀಲಿಯಾಗಿತ್ತು. ಅದು ಬೆಳಕಿನ ಕೆಲಸ. ಅಚ್ಚಿನ ನಾಲ್ಕು ಶಾಯಿಗಳಲ್ಲಿ ಕೆಂಪು ಬಣ್ಣ ಕಟ್ಟುವ ಹಳದಿ, ಮಜೆಂಟಾ (ಗುಲಾಬಿಗೆಂಪು) ಬೇಗ ಸೋಲುತ್ತವೆ. ನೀಲಿ, ಕಪ್ಪು ಗಟ್ಟಿ ಜೀವ. ಗಾಜು ಇದೆಯಲ್ಲ ಅಂತೀರಾ? ಮಾಮೂಲಿ ಗಾಜು ನೇರಳಾತೀತ ಕಿರಣಗಳಲ್ಲಿ ಒಂದಷ್ಟನ್ನು ತಡೆದು ಉಳಿದದ್ದನ್ನು ಒಳಗೆ ಬಿಡುತ್ತದೆ. ಚಿತ್ರದ ಸುತ್ತ ಅಂಚಿಗಿಟ್ಟ ರಟ್ಟಿನ ಬೋರ್ಡ್ ತೆಗೆದಾಗ ಅದರಡಿ ಅಡಗಿದ್ದ ಸೆರಗಿನ ತುದಿ ಮಾತ್ರ ಕುಂಕುಮದ ಹಾಗೆ ಕೆಂಪಗಿತ್ತು.

ಆದರೆ ಪಟದ ನಡುವೆ ಮೇಲಿಂದ ಕೆಳಗೆ ಒಂದು ನೇರ ಕಂದು ಗೀಟು. ಇದು ಎಲ್ಲಿಂದ ಬಂತು? 'ತಿರುಗಿಸಿ ನೋಡು' ಅಂದ ಗೆಳೆಯ. ಹಿಂದೆ ಎರಡು ಹಲಗೆ. ಅವುಗಳ ಸಂದಿ ಸರಿಯಾಗಿ ಗೀಟಿನ ಹಿಂದೆಯೇ ಇತ್ತು! ವರ್ಷಗಟ್ಟಲೆ ಆ ಸಂದಿಯಿಂದ ಗಾಳಿ, ದೂಳು, ಊದುಬತ್ತಿ ಹೊಗೆ ನುಗ್ಗಿವೆ. ಕೆಳಗೆ ಒಂದು ಗುಂಡು ಕಲೆ. ಅದರ ಹಿಂದೆ ಮರದ ಗಂಟು. ಗಂಟಿನಲ್ಲಿ ಅಂಟು ರಾಳ ಜಾಸ್ತಿ, ಅದು ಕಾಗದಕ್ಕೆ ಇಳಿದಿದೆ.

ಅಗ್ಗದ ಬೋರ್ಡೂ ಸಾಧು ಅಲ್ಲ. ಅದನ್ನು ಮಾಡುವ ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಗುಲಿ ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಆ ಆಮ್ಲ ಪಕ್ಕದ ಚಿತ್ರಕ್ಕೂ ದಾಟಿ ಸುತ್ತ ಕಂದು ಅಂಚು ಕಟ್ಟುತ್ತದೆ. ಕಾಗದದ ನಾರು ತುಂಡಾಗಿ, ಮಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಒಳ್ಳೇ ಬೋರ್ಡಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ, ಆಮ್ಲವನ್ನು ಅದು ನುಂಗಿಕೊಳ್ಳುತ್ತದೆ. ದುಡ್ಡು ಜಾಸ್ತಿ, ಕೇಳುವವರು ಕಡಿಮೆ. ಲಿಗ್ನಿನ್ ಆಟ ನೋಡಬೇಕಾ? ದಿನಪತ್ರಿಕೆಯ ತುಂಡಿನ ಮೇಲೆ ಒಂದು ನಾಣ್ಯವಿಟ್ಟು ಕೆಲವು ದಿನ ಬಿಸಿಲಿಗೆ ಬಿಡಿ. ಆಮೇಲೆ ನಾಣ್ಯ ಎತ್ತಿ.

ಸೆಲೋಟೇಪ್ ಬಗ್ಗೆ ಹೇಳದಿರುವುದೇ ವಾಸಿ. ಪ್ಲಾಸ್ಟಿಕ್ ಉದುರಿಹೋಗುತ್ತದೆ, ಅಂಟಿನ ಕಂದು ಕಲೆ ಮಾತ್ರ ಜನ್ಮಕ್ಕೆ ಅಂಟಿಕೊಳ್ಳುತ್ತದೆ.

ಮರದ ಕಟ್ಟಿನದು ಇನ್ನೊಂದು ಕತೆ. ಬೇಸಿಗೆಯ ಒಣ ಹವೆಗೆ ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಓರೆಯಾಗಿ ಕೊಯ್ದು ಕೂಡಿಸಿದ ಮೂಲೆ ಒಳಗಡೆ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಗಿರಾಕಿಗಳು ಪಟ ಹಿಡಿದು ಜಗಳಕ್ಕೆ ಬರುತ್ತಾರೆ. ಗೆಳೆಯ ಸಂದಿಗೆ ಮೇಣ ತುಂಬುವುದಿಲ್ಲ. 'ಮಳೆ ಹಿಡಿಯಲಿ ಸಾರ್, ಆಮೇಲೂ ಹೀಗೇ ಇದ್ದರೆ ತನ್ನಿ' ಅನ್ನುತ್ತಾನೆ. ತಿರುಗಿ ಬರುವವರು ಕಡಿಮೆ.