ಗುಳೆ ಹೋಗಿ, ಗುಳಿಗೆ ಬಿಡಬೇಡಿ

"ಈಗ ಆರಾಮ ಅದ್ರೀ ಸಾಹೇಬ್ರ. ಕೆಮ್ಮು ನಿಂತದ. ಅದಕ್ಕ ಗುಳಿಗಿ ಬಿಟ್ಟೀನಿ."

ಕಲಬುರಗಿಯಲ್ಲಿ ಟಿಬಿ ರೋಗಿಗಳನ್ನು ನೋಡುವ ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಪುಕ್ಕಟೆ, ಔಷಧ ಪುಕ್ಕಟೆ. ಊಟಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಇಷ್ಟೆಲ್ಲ ಇದ್ದೂ ಎರಡು ತಿಂಗಳಿಗೇ ಗುಳಿಗೆ ನಿಲ್ಲುತ್ತದೆ.

ಕೆಮ್ಮು ಹೋಯಿತು ಅಂದರೆ ಟಿಬಿ ಹೋಯಿತು ಅಂತಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಓದಿ. ಭೇದಿ ತರುವ ಎಷ್ಟೋ ರೋಗಾಣುಗಳು ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತವೆ. ಟಿಬಿ ರೋಗಾಣುವಿಗೆ ಅದಕ್ಕೆ ಹೆಚ್ಚು ಕಡಿಮೆ ಒಂದು ದಿನ ಬೇಕು. ಕೆಲವಂತೂ ಬೆಳೆಯದೆ ಸುಮ್ನೆ ಮಲಗಿರುತ್ತವೆ. ಔಷಧ ಬೆಳೆಯುವವನ್ನು ಬೇಗ ಕೊಲ್ಲುತ್ತದೆ. ಮಲಗಿದವನ್ನು ಕೊಲ್ಲಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ಚುರುಕಾದವು ಸತ್ತಾಗ ಜ್ವರ ಇಳಿಯುತ್ತದೆ, ಹಸಿವು ಬರುತ್ತದೆ, ಒಂದು ರೊಟ್ಟಿ ತಿನ್ನಲಾಗದವರು ಮೂರು ತಿನ್ನುತ್ತಾರೆ. ಗುಣವಾಯಿತು ಅನ್ನಿಸುವುದು ಸಹಜ ಅಲ್ವಾ? ಕರಕಿ ಮೇಲೆ ಮೇಲೆ ಕೊಯ್ದರೂ ಹೊಲ ಹಸನಾದಂತೆಯೇ ಕಾಣುತ್ತದೆ. ಬೇರು ಒಳಗೇ ಇರುತ್ತದೆ.

ನಡುವೆ ಬಿಟ್ಟು, ಮತ್ತೆ ನಾಲ್ಕು ದಿನ ನುಂಗಿ, ಮತ್ತೆ ಬಿಟ್ಟರೆ ಇನ್ನೂ ಅಪಾಯ. ಔಷಧಕ್ಕೆ ಜಗ್ಗದ ರೋಗಾಣುಗಳೇ ಉಳಿದು ಅವುಗಳ ಸಂತತಿ ಜಾಸ್ತಿಯಾಗುತ್ತದೆ. ಅದಕ್ಕೇ ಸಾಮಾನ್ಯ ಟಿಬಿಗೂ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಮಿದುಳು, ಬೆನ್ನುಮೂಳೆಯ ಟಿಬಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಎಷ್ಟು ದಿನ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಔಷಧದ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅವತ್ತೇ ಬನ್ನಿ.

ಗುರುಮಠಕಲ್ ಕಡೆಯ ಒಬ್ಬ ಹುಡುಗನ ನೆನಪು ಹೋಗುವುದಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಗೌಂಡಿ ಕೆಲಸಕ್ಕೆ ಹೋದ. ಆಗ ಅವನಿಗೆ ಮೂರನೇ ತಿಂಗಳ ಔಷಧ ನಡೆದಿತ್ತು. ಯುಗಾದಿ ಆದ ಮೇಲೆ ತಾಯಿ ಕರೆದುಕೊಂಡು ಬಂದಾಗ 38 ಕೆಜಿ ಇದ್ದ. ಕಫ ಪರೀಕ್ಷೆ ಮಾಡಿದರೆ ರಿಫಾಂಪಿಸಿನ್‌ಗೇ ರೋಗಾಣು ಜಗ್ಗುತ್ತಿರಲಿಲ್ಲ. ನಮ್ಮ ಕೈಯಲ್ಲಿರುವ ಮುಖ್ಯ ಔಷಧವೇ ಅದು. ಹೋಗುವ ಮುಂಚೆ ಯಾಕಪ್ಪಾ ಹೇಳಲಿಲ್ಲ ಅಂದೆ. ತಲೆ ತಗ್ಗಿಸಿದ.

"ಹೇಳಿದ್ರ ಹೋಗಬ್ಯಾಡ ಅಂತೀರಿ ಅಂತ ಹೇಳಲಿಲ್ರೀ."

ಅವನ ಮೇಲೆ ಸಿಟ್ಟಾಗಲು ಆಗಲಿಲ್ಲ. ಸಾಲ ಇತ್ತು, ತಂಗಿಯ ಮದುವೆ ಇತ್ತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತದವರು. ಟಿಬಿ ಸಾವುಗಳನ್ನು 2015ಕ್ಕೆ ಹೋಲಿಸಿ 2030ರೊಳಗೆ ಶೇ. 90ರಷ್ಟು ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ನಮ್ಮ ದೇಶ 2025ಕ್ಕೇ ಟಿಬಿ ಮುಗಿಸುತ್ತೇವೆ ಎಂದಿತ್ತು. ದುಡಿಯಲು ಊರು ಬಿಡುವವರ ಹಿಂದೆ ಗುಳಿಗೆಯೂ ಹೋಗದಿದ್ದರೆ ಅದು ಹೇಗೆ ಸಾಧ್ಯ?

ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಔಷಧ ಸರಿಯಾಗಿ ಹತ್ತಿದರೆ ಕೆಲವು ವಾರಗಳಲ್ಲೇ ರೋಗ ಹರಡುವುದು ಬಹಳ ಕಡಿಮೆಯಾಗುತ್ತದೆ. ಪ್ರಯಾಣ ಯಾವಾಗ ಮಾಡಬಹುದು ಎಂದು ಕೇಳಿ, ನೋಡಿ ಹೇಳುತ್ತೇವೆ. ನಿಮ್ಮ ಹೆಸರು ನಿಕ್ಷಯ್ ಎಂಬ ದೇಶದ ಪಟ್ಟಿಯಲ್ಲಿದೆ, ನಿಮಗೊಂದು ನಂಬರ್ ಇದೆ. ಪುಣೆಯಿರಲಿ, ಬೆಂಗಳೂರಿರಲಿ, ಹೈದರಾಬಾದ್ ಇರಲಿ, ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ನಿಮ್ಮ ಚಿಕಿತ್ಸೆ ವರ್ಗ ಮಾಡಬಹುದು. ಹೊರಡುವ ವಾರ ಮೊದಲೇ ಬನ್ನಿ, ದಾರಿಗೆ ಬೇಕಾದ ಗುಳಿಗೆ ಕಟ್ಟಿಸಿಕೊಳ್ಳಿ. ಕಾರ್ಡ್ ಕಳೆದೀತು, ಆ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಹೊಸ ರೋಗಿ ಬಂದಾಗ ಗುಳಿಗೆಯ ಮಾತಿಗಿಂತ ಮೊದಲು ನಾನು ಕೇಳುವುದು, "ಈ ವರ್ಷ ದುಡಿಯಲಿಕ್ಕೆ ಯಾವ ಊರಿಗೆ ಹೋಗ್ತೀರಿ?"