ಎಂಎಂಎನಲ್ಲಿ ಕೆಳಗೆ ಬಿದ್ದಾಗ ಮೊದಲು ಏನು ಮಾಡಬೇಕು?

ಪ್ರಶ್ನೆ: ಗರಡಿಯಲ್ಲಿ ಕುಸ್ತಿ ಕಲಿತು ಈಗ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎಗೆ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಬಂದಿದ್ದೇನೆ. ಎದುರಾಳಿ ಕೆಡವಿ ಮೇಲೆ ಬಂದುಬಿಟ್ಟರೆ ಏನೂ ತೋಚುವುದಿಲ್ಲ. ಕೆಳಗಿನಿಂದಲೇ ಲಾಕ್ (ಕೀಲು ತಿರುಚಿ ಅಥವಾ ಕುತ್ತಿಗೆ ಒತ್ತಿ ಸೋಲೊಪ್ಪಿಸುವ ಪಟ್ಟು) ಹಾಕಲು ನೋಡಬೇಕಾ, ಇಲ್ಲ ಹೇಗಾದರೂ ಎದ್ದು ನಿಲ್ಲಬೇಕಾ?

ಉತ್ತರ: ಏಳುವುದೇ ಮುಖ್ಯ ಗುರಿಯಾಗಿರಲಿ. ಏಳುವ ದಾರಿಯಲ್ಲಿ ಲಾಕ್ ಸಿಕ್ಕರೆ ಬಿಡಬೇಡಿ. ಆದರೆ ಇವೆರಡಕ್ಕೂ ಮೊದಲು ಒಂದು ಕೆಲಸವಿದೆ. ಬೆನ್ನು ಪೂರ್ತಿ ನೆಲಕ್ಕೆ ಅಂಟಿಸಿ ಮಲಗಬೇಡಿ, ಪಕ್ಕಕ್ಕೆ ಹೊರಳಿ.

ಕುಸ್ತಿಯಿಂದ ಬಂದವರಿಗೆ ಇಲ್ಲೊಂದು ಅಪಾಯವಿದೆ. ಕಣದಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಹಾಗಾಗಿ ಬೀಳುತ್ತಿದ್ದಂತೆ ಮೈ ತಾನಾಗಿಯೇ ಬೋರಲಾಗುತ್ತದೆ. ಎಂಎಂಎನಲ್ಲಿ ಹಾಗೆ ಬೋರಲಾಗಿ ಮಲಗಿದರೆ ಬೆನ್ನನ್ನು ಎದುರಾಳಿಗೆ ಕೊಟ್ಟ ಹಾಗೆ. ಅವನು ಎರಡೂ ಪಾದಗಳನ್ನು ನಿಮ್ಮ ತೊಡೆಗಳ ಒಳಗೆ ಸಿಕ್ಕಿಸುತ್ತಾನೆ, ತೋಳನ್ನು ಕುತ್ತಿಗೆಗೆ ಸುತ್ತುತ್ತಾನೆ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತಿಹೋದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನೆಲದ ಮೇಲಿನ ಹಿಡಿತ ಮತ್ತು ಲಾಕ್‌ಗಳ ಕಲೆಯಾದ ಬ್ರೆಜಿಲಿಯನ್ ಜಿಯು-ಜಿತ್ಸು ಪಂದ್ಯಗಳಲ್ಲಿ ಬೆನ್ನು ಹಿಡಿದರೆ 4 ಅಂಕ. ಎದೆಯ ಮೇಲೆ ಕೂರುವ ಮೌಂಟ್‌ಗೂ ಅಷ್ಟೇ. ಇವೆರಡಕ್ಕಿಂತ ಹೆಚ್ಚಿನ ಅಂಕ ಬೇರೆ ಯಾವ ಹಿಡಿತಕ್ಕೂ ಇಲ್ಲ.

ಇನ್ನು ನಿಮ್ಮ ಕಾಲುಗಳು ಎಲ್ಲಿವೆ ನೋಡಿಕೊಳ್ಳಿ. ಅವು ಎದುರಾಳಿಗೂ ನಿಮಗೂ ನಡುವೆ ಇದ್ದರೆ ಅದು ಗಾರ್ಡ್, ಅಲ್ಲಿಂದ ಆಡಬಹುದು. ಅವನು ಕಾಲುಗಳನ್ನು ದಾಟಿ, ಪಕ್ಕದಿಂದ ನಿಮ್ಮ ಎದೆಯನ್ನು ಅದುಮುವ ಸೈಡ್ ಕಂಟ್ರೋಲ್‌ಗೆ ಬಂದಿದ್ದರೆ ಲಾಕ್ ಯೋಚನೆ ಬಿಡಿ. ಒಂದು ಮುಂಗೈಯನ್ನು ಅವನ ಕುತ್ತಿಗೆಗೆ ಅಡ್ಡ ಇಡಿ, ಇನ್ನೊಂದನ್ನು ಸೊಂಟಕ್ಕೆ. ಇದನ್ನೇ ಫ್ರೇಮ್ ಅನ್ನುತ್ತಾರೆ. ಮೊಣಕೈ ಮಡಚಿ ಮೈಗೆ ಹತ್ತಿರ ಇರಲಿ. ಕೈ ನೆಟ್ಟಗೆ ಚಾಚಿ ತಳ್ಳಿದರೆ ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಆರ್ಮ್‌ಬಾರ್‌ಗೆ ಸಿಗುತ್ತೀರಿ. ಹೊಸಬರು ಮೇಲಿನವನನ್ನು ಎತ್ತಿ ಒಗೆಯಲು ಹೋಗಿ ಸುಮ್ನೆ ಸುಸ್ತಾಗುತ್ತಾರೆ. ಅವನು ಇದ್ದಲ್ಲೇ ಇರಲಿ, ಸರಿಯಬೇಕಾದವರು ನೀವು. ಪಾದ ಊರಿ ಸೊಂಟ ಎತ್ತಿ, ಹಿಂದಕ್ಕೆ ಜಾರಿಸಿ. ಸಿಕ್ಕ ಸಂದಿಯಲ್ಲಿ ಮೊಣಕಾಲು ತೂರಿಸಿ. ಒಮ್ಮೆಗೆ ಆಗುವುದಿಲ್ಲ. ಮೂರ್ನಾಲ್ಕು ಸಲ ಜಾರಿದ ಮೇಲೆ ಗಾರ್ಡ್ ವಾಪಸ್ ಸಿಗಬಹುದು. ಮೌಂಟ್ ಆಗಿದ್ದರೆ ಅವನ ಒಂದು ಕೈ ಮತ್ತು ಅದೇ ಬದಿಯ ಪಾದ ಎರಡನ್ನೂ ಸಿಕ್ಕಿಸಿಕೊಂಡು, ಸೊಂಟ ಜೋರಾಗಿ ಎತ್ತಿ ಆ ಭುಜದ ಮೇಲೆ ಹೊರಳಿ.

ಗಾರ್ಡ್ ಸಿಕ್ಕ ಮೇಲೆ ದೂರದ ಲೆಕ್ಕ ಶುರುವಾಗುತ್ತದೆ. ಬರೀ ಜಿಯು-ಜಿತ್ಸು ಮಾಡುವವರು ಇದನ್ನು ಮರೆಯುವುದು ಜಾಸ್ತಿ, ಏಕೆಂದರೆ ಅಲ್ಲಿ ಯಾರೂ ಗುದ್ದುವುದಿಲ್ಲ. ಮೇಲಿನವನು ಬೆನ್ನು ನೆಟ್ಟಗೆ ಮಾಡಿ ಕೂತರೆ ಅವನ ಗುದ್ದಿಗೆ ಪೂರ್ತಿ ಬಲ ಬರುತ್ತದೆ. ಆ ನಡುದೂರದಲ್ಲಿ ಉಳಿಯಬೇಡಿ. ಒಂದೋ ಅವನ ತಲೆ ಎಳೆದು ನಿಮ್ಮ ಎದೆಗೆ ಅಂಟಿಸಿಕೊಳ್ಳಿ, ಮಣಿಕಟ್ಟು ಹಿಡಿಯಿರಿ. ಇಲ್ಲವೇ ಎರಡೂ ಪಾದ ಅವನ ಸೊಂಟಕ್ಕೆ ಒತ್ತಿ ದೂರ ತಳ್ಳಿ. ತಳ್ಳಿದ ತಕ್ಷಣ ಏಳಬೇಕು. ಬಲಗೈ ಹಿಂದೆ ನೆಲಕ್ಕೆ ಊರಿ, ಎಡಗೈ ಮುಖಕ್ಕೆ ಅಡ್ಡ ಇರಲಿ. ಎಡಪಾದ ಊರಿ ಸೊಂಟ ಎತ್ತಿ, ಬಲಗಾಲನ್ನು ಕೆಳಗಿನಿಂದ ಹಿಂದಕ್ಕೆ ಎಳೆದುಕೊಂಡು ನಿಲ್ಲಿ. ಕಣದ ಸುತ್ತಲಿನ ಬೇಲಿ, ಅಂದರೆ ಕೇಜ್ ಹತ್ತಿರವಿದ್ದರೆ ಬೆನ್ನನ್ನು ಅದಕ್ಕೆ ಆನಿಸಿ ಕೂತು, ಅವನ ಕಂಕುಳಡಿ ಕೈ ತೂರಿಸಿ ಅಂಡರ್‌ಹುಕ್ ಹಿಡಿದು ಮೇಲೇಳಿ. ಒಂದು ನಿಯಮ ನೆನಪಿರಲಿ: ಮೇಲಿನವನ ಮೊಣಕಾಲು ನೆಲದಲ್ಲಿದ್ದರೆ ಕೆಳಗಿನಿಂದ ಅವನ ತಲೆಗೆ ಒದೆಯುವಂತಿಲ್ಲ.

‘ಜಿಯು-ಜಿತ್ಸು ಪಟು ರಾಯ್ಸ್ ಗ್ರೇಸಿ ಬೆನ್ನ ಮೇಲೆ ಮಲಗಿಯೇ ಗೆದ್ದನಲ್ಲ’ ಎಂದು ಕೇಳುವವರಿದ್ದಾರೆ. ನಿಜ. 1994ರ ಡಿಸೆಂಬರ್‌ನಲ್ಲಿ ಅಮೆರಿಕದ ಟಲ್ಸಾದಲ್ಲಿ ನಡೆದ ಎಂಎಂಎ ಪಂದ್ಯಾವಳಿ ಯುಎಫ್‌ಸಿ 4ರ ಫೈನಲ್ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ತನಗಿಂತ ತುಂಬಾ ಭಾರವಿದ್ದ ಕುಸ್ತಿಪಟು ಡ್ಯಾನ್ ಸೆವರ್ನ್ ಅಡಿಯಲ್ಲಿ ಗ್ರೇಸಿ ಹೆಚ್ಚೂಕಡಿಮೆ 15 ನಿಮಿಷ ಇದ್ದರು. ಕೊನೆಗೆ ಕಾಲುಗಳಿಂದಲೇ ಕುತ್ತಿಗೆ ಒತ್ತುವ ಟ್ರಯಾಂಗಲ್ ಹಾಕಿ ಗೆದ್ದರು. ಆದರೆ ಅಲ್ಲಿ ಸುತ್ತುಗಳಿರಲಿಲ್ಲ, ಸಮಯದ ಮಿತಿಯೂ ಇರಲಿಲ್ಲ. ತಾಳ್ಮೆಗೆ ಬೆಲೆಯಿತ್ತು. ಈಗ 5 ನಿಮಿಷಕ್ಕೆ ಗಂಟೆ ಹೊಡೆಯುತ್ತದೆ. ನೀವು ಗುದ್ದು ತಿನ್ನುತ್ತಾ ಅವಕಾಶಕ್ಕೆ ಕಾದರೆ ಆ ಸುತ್ತು ಮೇಲಿನವನಿಗೆ ಹೋಗುತ್ತದೆ.

2010ರ ಆಗಸ್ಟ್‌ನಲ್ಲಿ ಯುಎಫ್‌ಸಿ 117ರಲ್ಲಿ ಆ್ಯಂಡರ್ಸನ್ ಸಿಲ್ವಾಗೆ ಆಗಿದ್ದೂ ಇದೇ. ಎದುರಾಳಿ ಚೇಲ್ ಸೊನ್ನೆನ್, ಸಿಲ್ವಾ ಅವರನ್ನು ಮತ್ತೆ ಮತ್ತೆ ಕೆಡವಿ ಮೊದಲ ನಾಲ್ಕೂ ಸುತ್ತು ಗೆದ್ದಿದ್ದರು. ಐದನೇ ಸುತ್ತಿನಲ್ಲಿ ಇನ್ನು ಎರಡು ನಿಮಿಷವೂ ಉಳಿದಿಲ್ಲದಾಗ ಸಿಲ್ವಾ ಕೆಳಗಿನಿಂದ ಟ್ರಯಾಂಗಲ್ ಹಾಕಿ, ಕೈಯನ್ನೂ ಸೇರಿಸಿ ಸೋಲೊಪ್ಪಿಸಿದರು. ಎಲ್ಲರೂ ಆ ಕೊನೆಯನ್ನು ಕೊಂಡಾಡುತ್ತಾರೆ. ಕಲಿಯುವವರು ಅದಕ್ಕೂ ಮುಂಚಿನ ನಾಲ್ಕು ಸುತ್ತು ನೋಡಬೇಕು.

ಹಾಗಂತ ಲಾಕ್ ಕಲಿಯುವುದು ದಂಡ ಅಲ್ಲ. ಅದೇ ವರ್ಷ ಜೂನ್‌ನಲ್ಲಿ ಫೆಡರ್ ಎಮಿಲಿಯನೆಂಕೊ, ಕೆಳಗೆ ಬಿದ್ದಿದ್ದ ಫ್ಯಾಬ್ರಿಸಿಯೊ ವೆರ್ಡುಮ್ ಗಾರ್ಡ್‌ಗೆ ನೇರವಾಗಿ ನುಗ್ಗಿದರು. ವೆರ್ಡುಮ್ ಕೆಳಗಿನಿಂದಲೇ ಟ್ರಯಾಂಗಲ್ ಹಾಕಿ 69 ಸೆಕೆಂಡಿಗೆ ಪಂದ್ಯ ಮುಗಿಸಿದರು. ಎದುರಾಳಿಯ ಒಂದು ಕೈ ನಿಮ್ಮ ಕಾಲುಗಳ ಒಳಗೆ, ಇನ್ನೊಂದು ಹೊರಗೆ ಬಂದರೆ ಆ ಕ್ಷಣವೇ ಟ್ರಯಾಂಗಲ್‌ಗೆ ಹೋಗಿ. ಕೂಡಿಬಂದರೆ ಸರಿ. ಬಾರದಿದ್ದರೂ ಎದುರಾಳಿ ಬೆದರಿ ಬೆನ್ನು ನೆಟ್ಟಗೆ ಮಾಡಿ ಹಿಂದೆ ಸರಿಯುತ್ತಾನೆ, ಆಗ ಸಿಕ್ಕ ಜಾಗದಲ್ಲಿ ನೀವು ಏಳುತ್ತೀರಿ. ಭುಜ ತಿರುಚುವ ಕಿಮುರಾ, ಮುಂದಿನಿಂದ ತೋಳಲ್ಲಿ ಕುತ್ತಿಗೆ ಬಿಗಿಯುವ ಗಿಲೊಟಿನ್ ಎಲ್ಲದಕ್ಕೂ ಇದೇ ಮಾತು. ನಿಮ್ಮಿಂದ ಲಾಕ್‌ನ ಭಯವೇ ಇಲ್ಲ ಎಂದು ಗೊತ್ತಾದರೆ ಅವನು ಯಾಕೆ ಜಾಗ ಬಿಡುತ್ತಾನೆ, ಅಲ್ವಾ?

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಜೊತೆಗಾರನಿಗೆ ಮೊದಲೇ ಸೈಡ್ ಕಂಟ್ರೋಲ್ ಕೊಟ್ಟು ಕೆಳಗೆ ಮಲಗಿ. ಎರಡು ನಿಮಿಷದ ಸುತ್ತು. ಗಾರ್ಡ್ ವಾಪಸ್ ತಂದರೆ ಅಥವಾ ಎದ್ದು ನಿಂತರೆ ನೀವು ಗೆದ್ದಂತೆ, ಮತ್ತೆ ಮೊದಲಿನಿಂದ. ನೀವು ಲಾಕ್ ಹಾಕುವಂತಿಲ್ಲ, ಅವನು ಹಾಕಬಹುದು. ಕುತ್ತಿಗೆ ಬಿಗಿಯುತ್ತಿದ್ದಂತೆ ಕೈಯಿಂದ ತಟ್ಟಿ ಸೋಲೊಪ್ಪಿಬಿಡಿ, ಹಟ ಬೇಡ. ಕೆಲವು ವಾರಗಳ ನಂತರ ಮೆಲ್ಲಗೆ ಅಂಗೈ ಏಟನ್ನೂ ಸೇರಿಸಿ. ಫ್ರೇಮ್ ಎಲ್ಲಿ ಸಡಿಲವಾಗಿದೆ ಎಂದು ಆ ಏಟುಗಳೇ ತೋರಿಸುತ್ತವೆ.